ಮಂಡಿಯೂರಿದವರನ್ನು ಎಬ್ಬಿಸಿದ ಭಾನುವಾರ

ವೋಟು ಕೇಳಲು ಚರ್ಚಿಗೆ ಬಂದವರನ್ನು ನಾನು ಬೈಯುವುದಿಲ್ಲ. ಬರುವುದು ಅವರ ಕಸುಬು. ನನಗೆ ಮೈ ಉರಿಯುವುದು ನಮ್ಮವರ ಮೇಲೆ.

ನಮ್ಮಪ್ಪ ಪೊಲೀಸ್ ದಫೇದಾರರಾಗಿ ನಿವೃತ್ತರಾದವರು. ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿ ಠಾಣೆಗಳಲ್ಲೇ ಅವರ ಆಯುಷ್ಯ ಸವೆಯಿತು. ಅಧಿಕಾರವನ್ನು ಇಟ್ಟವನು ದೇವರೇ, ಅದಕ್ಕೆ ತಲೆಬಾಗಬೇಕು ಎಂದು ಮನಸಾರೆ ನಂಬಿದ್ದರು. ಆದರೆ ಚರ್ಚಿನೊಳಗೆ ಯಾರಿಗೂ ಸಲ್ಯೂಟ್ ಹೊಡೆದವರಲ್ಲ. ಒಮ್ಮೆ ಕ್ರಿಸ್‌ಮಸ್ ಆರಾಧನೆಗೆ ಅವರ ಇನ್ಸ್‌ಪೆಕ್ಟರೇ ಬಂದಾಗಲೂ ಬರೀ ಕೈಮುಗಿದು ಪಕ್ಕದಲ್ಲಿ ಜಾಗ ಬಿಟ್ಟಿದ್ದರು. "ವಿದುರಾಶ್ವತ್ಥದಲ್ಲಿ ಬಾವುಟ ಹಾರಿಸೋಕೆ ಹೋದವರ ಮೇಲೆ ಗುಂಡು ಹೊಡೆದಿದ್ದೂ ಸರ್ಕಾರಾನೇ ಕಣಮ್ಮ" ಎನ್ನುತ್ತಿದ್ದರು. "ಅದರ ಮಾತು ಕೇಳಬೇಕು, ಅದಕ್ಕೆ ಪೂಜೆ ಮಾಡಬಾರದು."

ಕೊನೆಯ ದಿನಗಳಲ್ಲಿ ಅವರಿಗೆ ವಿಪರೀತ ಉಬ್ಬಸ. ತಿಂಗಳ ಮೊದಲ ಭಾನುವಾರ ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಕೊಡುವ ಪ್ರಭುಭೋಜನಕ್ಕೂ ಹೋಗಲಾಗುತ್ತಿರಲಿಲ್ಲ. ಪಾದ್ರಿ ಅಯ್ಯನವರನ್ನು ಮನೆಗೇ ಕರೆಸುತ್ತೇನೆಂದರೆ ಒಪ್ಪಲಿಲ್ಲ. "ಎಲ್ಲರ ಜೊತೆ ಮಂಡಿಯೂರಿ ತಗೋಬೇಕು. ಒಂದೇ ಒಂದು ಸಲ ಕರ್ಕೊಂಡು ಹೋಗಮ್ಮ" ಎಂದು ಮಗುವಿನ ಹಾಗೆ ಹಟ ಹಿಡಿದರು. ಆಟೋದಲ್ಲಿ ಕರೆದುಕೊಂಡು ಹೋದೆ.

ಬಲಿಪೀಠದ ಮುಂದೆ ಅವರನ್ನು ಮಂಡಿಯೂರಿಸುವಷ್ಟರಲ್ಲಿ ನನಗೇ ಬೆವರಿಳಿಯಿತು. ಅಪ್ಪ ಕಣ್ಣು ಮುಚ್ಚಿ, ಎರಡೂ ಕೈ ಬೊಗಸೆ ಮಾಡಿ ಕಾಯುತ್ತಿದ್ದರು. ಅಯ್ಯನವರು ರೊಟ್ಟಿ ಕೊಡುತ್ತಾ ಪಕ್ಕದವರ ತನಕ ಬಂದಿದ್ದರು. ಅಷ್ಟರಲ್ಲಿ ಹೊರಗೆ ಕಾರುಗಳು ಬಂದು ನಿಂತವು. ಚರ್ಚ್ ಕಮಿಟಿಯ ಕಾರ್ಯದರ್ಶಿ ಓಡಿಬಂದು ಅಯ್ಯನವರ ಕಿವಿಯಲ್ಲಿ ಏನೋ ಉಸುರಿದರು. ಅಯ್ಯನವರು ತಟ್ಟೆಯನ್ನು ಹಾಗೇ ಕೆಳಗಿಟ್ಟುಬಿಟ್ಟರು!

"ಏಳಿ ದಫೇದಾರ್ರೇ, ಸಾಹೇಬ್ರು ಬಂದವ್ರೆ" ಎಂದು ಕಾರ್ಯದರ್ಶಿ ಅಪ್ಪನ ರಟ್ಟೆಗೆ ಕೈಹಾಕಿದರು. "ಮುಟ್ಟಬೇಡಿ ಅವರನ್ನ" ಎಂದು ನಾನು ಕೂಗುವಷ್ಟರಲ್ಲಿ ಎಬ್ಬಿಸಿಯಾಗಿತ್ತು. ಅಪ್ಪ ಗಾಬರಿಯಿಂದ ಕಣ್ಣು ಬಿಟ್ಟರೆ ಎದುರಿಗೇ ಬಿಳಿ ಬಟ್ಟೆಯ ಮುಖಂಡರು. ರೊಟ್ಟಿಗೆಂದು ಚಾಚಿದ್ದ ಕೈ ತಂತಾನೇ ಹಣೆಗೆ ಹೋಯಿತು. ಒಂದು ಜನ್ಮದ ಅಭ್ಯಾಸ ಅದು. ಮುಖಂಡರು ಬೆನ್ನು ತಟ್ಟಿ ಮುಂದೆ ಹೋದರು.

ಸ್ಮಶಾನಕ್ಕೆ ಕಾಂಪೌಂಡ್ ಕಟ್ಟಿಸಿಕೊಡುತ್ತೇನೆಂದು ಅವರು ಭಾಷಣ ಮಾಡಿದರು. ನಮ್ಮವರು ಚಪ್ಪಾಳೆ ತಟ್ಟಿದರು. ಪ್ರಭುಭೋಜನದ ನಡುವೆ ಚಪ್ಪಾಳೆ! ನಾನು ಕಾರ್ಯದರ್ಶಿಯನ್ನು ತಡೆದು ನಿಲ್ಲಿಸಿ ನಾಚಿಕೆ ಆಗಲ್ವಾ ಎಂದು ಕೇಳಿದೆ.

"ಅಧಿಕಾರದಲ್ಲಿರೋರಿಗೆ ಮರ್ಯಾದೆ ಕೊಡಿ ಅಂತ ಬೈಬಲ್ ವಾಕ್ಯದಲ್ಲೇ ಇದೆಯಲ್ಲಮ್ಮ?"

"ಮರ್ಯಾದೆ ಕೊಡಿ ಅಂತ ಇದೆ. ದೇವರನ್ನ ಕಾಯಿಸಿ ಅಂತ ಎಲ್ಲಿದೆ, ತೋರಿಸಿ!"

ಅವರು ನನ್ನನ್ನು ದಾಟಿಕೊಂಡು ಮುಖಂಡರ ಹಿಂದೆ ಓಡಿದರು. ಅಪ್ಪನಿಗೆ ಉಸಿರು ಸಿಗುತ್ತಿರಲಿಲ್ಲ. "ಹೋಗಣ ನಡಿಯಮ್ಮ" ಎಂದರು. ಆಟೋದಲ್ಲಿ ಉದ್ದಕ್ಕೂ ತಮ್ಮ ಬಲಗೈಯನ್ನೇ ನೋಡಿಕೊಳ್ಳುತ್ತಿದ್ದರು. "ಅಲ್ಲಿ ನಿಂತು ಸಲ್ಯೂಟ್ ಹೊಡೆದುಬಿಟ್ನಲ್ಲಮ್ಮ" ಎಂದು ಅತ್ತರು. ಅಪ್ಪ ಅತ್ತಿದ್ದನ್ನು ನಾನು ಅದುವರೆಗೂ ಕಂಡಿರಲಿಲ್ಲ.

ಸಂಜೆ ಅಯ್ಯನವರು ರೊಟ್ಟಿ, ದ್ರಾಕ್ಷಾರಸ ತೆಗೆದುಕೊಂಡು ಮನೆಗೆ ಬಂದರು. ಅಪ್ಪ ಕೈ ಚಾಚಲಿಲ್ಲ.

"ಇಲ್ಲಿ ಬೇಡ ಅಯ್ಯನವರೇ. ಮುಂದಿನ ತಿಂಗಳು ಅಲ್ಲಿಗೇ ಬರ್ತೀನಿ. ಆ ಹೊತ್ತಲ್ಲಿ ಯಾರೇ ಬಂದ್ರೂ ಹಿಂದೆ ಕೂರಿಸ್ತೀನಿ ಅಂತ ಮಾತು ಕೊಡಿ, ಸಾಕು."

ಅಯ್ಯನವರು ಮುಖ ಒರೆಸಿಕೊಂಡರು. "ಕಮಿಟಿಯವರನ್ನ ಒಂದು ಮಾತು ಕೇಳಿ ಹೇಳ್ತೀನಿ" ಎಂದರು. ಕಮಿಟಿ! ಇಷ್ಟಕ್ಕೂ ಕಮಿಟಿ ಬೇಕೇ?

ಮುಂದಿನ ತಿಂಗಳವರೆಗೆ ಅಪ್ಪ ಉಳಿಯಲಿಲ್ಲ. ಆ ರೊಟ್ಟಿ ಮುಟ್ಟದೆಯೇ ಹೋದರು. ಪೆಟ್ಟಿಗೆಯನ್ನು ಗುಂಡಿಗೆ ಇಳಿಸಿ, ಪ್ರಾರ್ಥನೆ ಮುಗಿದು, ಅಯ್ಯನವರು ಮೊದಲ ಹಿಡಿ ಮಣ್ಣು ಹಾಕಲು ಬಗ್ಗಿದ್ದರು. ಕಾರ್ಯದರ್ಶಿ ಬಂದು ಅವರ ತೋಳು ಹಿಡಿದರು.

"ಸಾಹೇಬ್ರು ಮೇಲೂರು ಬಿಟ್ಟವ್ರಂತೆ. ಸ್ವಲ್ಪ ಕಾಯಣ."

ಅಯ್ಯನವರ ಕೈ ನಿಂತಿತು. ನಾನೇ ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಅಪ್ಪನ ಮೇಲೆ ಹಾಕಿದೆ.