ಎಂಟಡಿ ಹೊಗೆಕೊಳವೆ

ಬಚ್ಚಲ ಹಂಡೆಗೆ ಉರಿ ಹಾಕಿದರೆ ಬಿಸಿನೀರು ನಮ್ಮದಾಗಿ ಉಳಿಯುತ್ತದೆ, ಹೊಗೆ ಮಾತ್ರ ಊರಿನದಾಗುತ್ತದೆ. ಮನೆ ಕಟ್ಟುವ ಮೊದಲೇ ಇದನ್ನು ಯೋಚಿಸಿಕೊಳ್ಳಿ ಎಂದು ಪುಕ್ಕಟೆ ಸಲಹೆ ಕೊಡುತ್ತೇನೆ, ಏಕೆಂದರೆ ನಾನು ಯೋಚಿಸಿರಲಿಲ್ಲ.

ಯಶವಂತಪುರದ ಮಂಡಿಯಲ್ಲಿ ಈರುಳ್ಳಿ ಮೂಟೆ ಹೊರುವುದರಿಂದ ಮಾರುವವರೆಗೆ ಏರಿದ ನಾನು, ಎಂಬತ್ತೆರಡನೇ ಇಸವಿಯ ಹೊತ್ತಿಗೆ ಆರ್.ಟಿ. ನಗರದಲ್ಲಿ ಸ್ವಂತ ಮನೆಯವನಾಗಿದ್ದೆ. ಯಾರು ಯಾವ ಸಂಖ್ಯೆ ಹೇಳಿದರೂ ಅದರರ್ಧವನ್ನು ಉಚ್ಚರಿಸುವುದು ನನಗೆ ಉಸಿರಾಟದಷ್ಟೇ ಸಹಜ. ವೈದ್ಯರು ಹತ್ತು ದಿನ ಮಾತ್ರೆ ಎಂದರೆ ಐದಕ್ಕೆ ಇಳಿಸಿ ಬಂದವನು. ಪಕ್ಕದ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ದೇಸಾಯಿ ಮೇಷ್ಟ್ರು ಗದಗಿನ ಕಡೆಯವರು, ಕಾಲೇಜಿನಲ್ಲಿ ಭೂಗೋಳ ಹೇಳುವವರು. ಅಂಗಳದಲ್ಲಿ ಒಣಹಾಕಿದ ಪಂಚೆಗೆಲ್ಲ ಮಸಿ ಕೂರುತ್ತಿದೆ, ಬಚ್ಚಲಿನ ಮೇಲೆ ಎಂಟಡಿ ಕೊಳವೆ ಹಾಕಿಸಿ ಎಂದು ಅವರು ಕೇಳಿಕೊಂಡರು.

"ನಿಮಗೂ ಬೇಡ, ನನಗೂ ಬೇಡ ಮೇಷ್ಟ್ರೇ, ನಾಲ್ಕಕ್ಕೆ ಮುಗಿಸೋಣ" ಎಂದೆ. ಸಂಕೋಚದ ಮನುಷ್ಯ, ಒಪ್ಪಿಕೊಂಡರು.

ನಾಲ್ಕಡಿಯ ಕೊಳವೆಯ ಬಾಯಿ ಸರಿಯಾಗಿ ಅವರ ತಾಯಿ ಮಲಗುವ ಕೋಣೆಯ ಕಿಟಕಿಯ ಮಟ್ಟಕ್ಕೆ ಬಂತು. ಪಂಚೆ ಬೆಳ್ಳಗಾಯಿತು, ಅವ್ವನಿಗೆ ಉಬ್ಬಸ ಏರಿತು. ಮೇಷ್ಟ್ರು ಜಗಳಕ್ಕೆ ಬರಲಿಲ್ಲ. ಹೆಬ್ಬಾಳದ ಕಡೆ ಬೇರೆ ಮನೆ ಹುಡುಕತೊಡಗಿದರು. ಬೈದವರನ್ನು ಮಂಡಿಯಲ್ಲಿ ದಿನವೂ ಎದುರಿಸುತ್ತಿದ್ದ ನನಗೆ, ಬೈಯದೆ ಹೊರಡುವವರನ್ನು ತಡೆಯುವ ವಿದ್ಯೆ ಗೊತ್ತಿರಲಿಲ್ಲ.

ಆ ದಿನಗಳ ಸಂಜೆಗಳೂ ವಿಚಿತ್ರವಾಗಿದ್ದವು. ಸೂರ್ಯ ಯಶವಂತಪುರದಾಚೆ ಮುಳುಗಿ ಅರ್ಧ ಗಂಟೆಯಾದರೂ ಪಡುವಣ ದಿಕ್ಕು ನೇರಳೆ ಬೆರೆತ ಕೆಂಪಿನಲ್ಲಿ ಉರಿಯುತ್ತಿತ್ತು. ಒಮ್ಮೆ ನಮ್ಮ ತಾರಸಿಯಿಂದ ಅವರ ಕಿಟಕಿಗೆ ಕೂಗಿ ಕೇಳಿದೆ:

"ಏನ್ ಮೇಷ್ಟ್ರೇ, ಮಳೆ ಬರೋ ಹಾಗಿದೆಯಾ?"

"ಮಳಿ ಅಲ್ರಿ ಸಾವ್ಕಾರ್ರ. ಮೆಕ್ಸಿಕೋದಾಗ ಬೆಂಕಿಗುಡ್ಡ ಸಿಡದೈತಲ್ಲ, ಅದರ ಹೊಗಿ."

"ಅಷ್ಟು ದೂರದ್ದು ಇಲ್ಲಿಗಾ? ನನ್ನ ಹೊಗೆ ನಿಮ್ಮ ಕಿಟಕಿಯನ್ನೇ ದಾಟಲ್ವಲ್ಲ."

"ಅದು ಎತ್ತರಕ್ಕ ಚೌಕಾಸಿ ಮಾಡಲಿಲ್ರಿ" ಎಂದರು, ನಗದೆ.

ಆಮೇಲೆ ಅವರು ವಿವರಿಸಿದ್ದನ್ನು ನನ್ನ ತಕ್ಕಡಿಯಲ್ಲಿ ತೂಗಿ ಹೇಳುತ್ತೇನೆ. ಜ್ವಾಲಾಮುಖಿಯ ಹೊಗೆ ತನ್ನ ಕಾವಿನ ಬಲದಿಂದ ಮೇಲೇರುತ್ತದೆ. ಸುತ್ತಲಿನ ಗಾಳಿಯಷ್ಟೇ ತೂಕ ತನಗೂ ಬಂದಲ್ಲಿ ನಿಂತು, ಕೊಡೆ ಬಿಚ್ಚಿದಂತೆ ಅಗಲವಾಗುತ್ತದೆ. ಮೋಡಗಳ ಮಟ್ಟದಲ್ಲೇ ನಿಂತದ್ದನ್ನು ಮಳೆ ಬೇಗ ತೊಳೆದುಬಿಡುತ್ತದೆ. ಮೋಡಗಳನ್ನು ದಾಟಿ ಏರಿದ್ದಕ್ಕೆ ತೊಳೆಯುವವರಿಲ್ಲ: ಭಾರದ ಬೂದಿ ಉದುರಿಹೋದರೂ ಗಂಧಕದ ಅನಿಲ ಸೂಕ್ಷ್ಮ ಹನಿಗಳಾಗಿ, ಮೇಲುಗಾಳಿ ಹಿಡಿದು, ಕೆಲವೇ ವಾರಗಳಲ್ಲಿ ಭೂಮಿಯನ್ನು ಸುತ್ತಿ, ವರ್ಷಗಟ್ಟಲೆ ತೇಲುತ್ತದೆ. ನೆಲದಲ್ಲಿರುವ ನಮಗೆ ಮುಳುಗಿದ ಸೂರ್ಯ ಅಷ್ಟೆತ್ತರದ ಆ ಹನಿಗಳಿಗೆ ಇನ್ನೂ ಕಾಣುತ್ತಿರುವುದರಿಂದಲೇ ಆ ಕೆಂಪು.

ನನ್ನ ಬಚ್ಚಲಿಗೆ ಅಷ್ಟು ಮಹತ್ವಾಕಾಂಕ್ಷೆ ಬೇಕಿರಲಿಲ್ಲ, ಪಕ್ಕದ ಮಹಡಿಯ ಸೂರು ದಾಟಿದರೆ ಸಾಕಿತ್ತು. ಚೌಕಾಸಿಗೆ ಇಬ್ಬರು ಬೇಕು. ನಾನು ಮೇಷ್ಟ್ರನ್ನು ಒಪ್ಪಿಸಿದ್ದೆ, ಗಾಳಿಯನ್ನು ಕೇಳಿರಲಿಲ್ಲ. ಮರುದಿನವೇ ತಗಡಿನ ಕೆಲಸದವನನ್ನು ಕರೆತಂದೆ.

"ಇನ್ನೂ ನಾಲ್ಕಡಿ ಸಾಕಾ ಸಾರ್?" ಎಂದ.

"ಐದು ಹಾಕಪ್ಪ" ಎಂದೆ. ಹೇಳಿದ ಸಂಖ್ಯೆಯನ್ನು ಏರಿಸಿದ್ದು ಬಾಳಿನಲ್ಲಿ ಅದೇ ಮೊದಲು. ಕೂಲಿಯಲ್ಲಿ ಇಳಿಸಿದೆ ಅನ್ನಿ.

ಮಾರನೆಯ ಬೆಳಿಗ್ಗೆ ಉರಿ ಹಾಕಿ, ಕಳ್ಳನಂತೆ ಹಿತ್ತಲಿನಲ್ಲಿ ನಿಂತು ಮೇಲೆ ನೋಡಿದೆ. ತಿಂಗಳಿಂದ ಮುಚ್ಚಿದ್ದ ಅವ್ವನ ಕೋಣೆಯ ಕಿಟಕಿ ತೆರೆಯಿತು. ಅವ್ವ ತಲೆ ಹೊರಹಾಕಿ ಉದ್ದಕ್ಕೆ ಉಸಿರೆಳೆದುಕೊಂಡರು.

"ಯಾಕ್ರಿ ಸಾವ್ಕಾರ್ರ, ಇವತ್ತ ನೀರು ಕಾಸಲಿಲ್ಲೇನು?"

ಹಂಡೆಯಲ್ಲಿ ನೀರು ಕೊತಕೊತ ಕುದಿಯುತ್ತಿತ್ತು. ಹೊಗೆ ಆಗಲೂ ಊರಿನದೇ ಆಗುತ್ತಿತ್ತು, ಆದರೆ ಯಾರೊಬ್ಬರದೂ ಆಗುತ್ತಿರಲಿಲ್ಲ.