ಗುಡುಗಿನ ಮಾರನೇ ದಿನ ಓದಿದ ನಾಲ್ಕು ಪಾಠಗಳು

೨೦೨೩ರ ಮೇ ತಿಂಗಳು. ಸಾಗರದಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ. ಹೆಸರಿಗೆ ಅಂಗಡಿ, ವಾರದಲ್ಲಿ ನಾಲ್ಕು ದಿನ ಹೊಸನಗರ, ತೀರ್ಥಹಳ್ಳಿ ಎಂದು ಚೀಲ ಹೊತ್ತು ಬಸ್ಸಿನಲ್ಲಿ ತಿರುಗುವ ಕೆಲಸ. ಆಗ ನನಗೆ ಐವತ್ತೆಂಟು. ಇಪ್ಪತ್ತೆಂಟು ವರ್ಷ ಇದನ್ನೇ ಮಾಡಿ ಸೊಂಟವೂ ತಾಳ್ಮೆಯೂ ಒಟ್ಟಿಗೇ ಸವೆದಿದ್ದವು. ಫೋನ್ ಬಂದರೆ ಎತ್ತುವ ಮೊದಲೇ ಬೇಸರ.

ತೀರ್ಥಹಳ್ಳಿಯಲ್ಲಿ ಕಣ್ಣು ಕಾಣದ ವಿದ್ಯಾರ್ಥಿಗಳಿಗಾಗಿ ಪಠ್ಯಪುಸ್ತಕಗಳನ್ನು ಓದಿ ಧ್ವನಿಮುದ್ರಿಸುವ ಪುಟ್ಟ ಕೇಂದ್ರವೊಂದಿತ್ತು. ಎರಡು ಕೋಣೆ, ಯಾರೋ ದಾನ ಕೊಟ್ಟ ಎರಡು ಹಳೆಯ ಕಂಪ್ಯೂಟರ್. ಎರಡಕ್ಕೂ ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಟ್ಟಿದ್ದೆ. ಓದುವುದು ಒಳಕೋಣೆಯ ಕಂಪ್ಯೂಟರಿನಲ್ಲಿ, ಫೈಲ್ ಉಳಿಯಬೇಕಾದದ್ದು ಆಫೀಸಿನ ಕಂಪ್ಯೂಟರಿನಲ್ಲಿ. ಇದಕ್ಕೆ ಎನ್‌ಎಫ್‌ಎಸ್ ಎಂಬ ವ್ಯವಸ್ಥೆ ಇದೆ. ಒಂದು ಯಂತ್ರ ತನ್ನ ಫೋಲ್ಡರನ್ನು ಹಂಚುತ್ತದೆ, ಇನ್ನೊಂದು ತನ್ನಲ್ಲಿರುವ ಖಾಲಿ ಫೋಲ್ಡರಿನ ಮೇಲೆ ಅದನ್ನು ಕೂರಿಸಿಕೊಳ್ಳುತ್ತದೆ. ಹೀಗೆ ಕೂರಿಸುವುದಕ್ಕೆ ಮೌಂಟ್ ಎನ್ನುತ್ತೇವೆ. ಬಳಸುವವರಿಗೆ ಅದು ತಮ್ಮದೇ ಫೋಲ್ಡರಿನಂತೆ ಕಾಣುತ್ತದೆ.

ಶುರುವಾಗುವಾಗ ಆಫೀಸಿನ ಯಂತ್ರ ಸಿಗದಿದ್ದರೂ ಒಳಕೋಣೆಯದು ಕಾಯುತ್ತ ಕೂರದೆ ಮುಂದೆ ಹೋಗಲಿ ಎಂದು ಒಂದು ಆಯ್ಕೆಯನ್ನೂ ಸೇರಿಸಿದೆ. “ಎರಡನ್ನೂ ಆರಿಸಬೇಡಿ, ಹಗಲೂ ರಾತ್ರಿ ಆನ್ ಇರಲಿ” ಎಂದು ಹೇಳಿದೆ. ಹೊರಡುವ ಮೊದಲು ಎರಡನ್ನೂ ಆರಿಸಿ, ಹಿಂದುಮುಂದಾಗಿ ಆನ್ ಮಾಡಿ ಪರೀಕ್ಷಿಸಬೇಕಿತ್ತು. ಹೊಸನಗರದ ಬಸ್ಸಿಗೆ ಹದಿನೈದೇ ನಿಮಿಷ ಉಳಿದಿತ್ತು. ಪರೀಕ್ಷಿಸಲಿಲ್ಲ.

ಮೂರು ವಾರದ ನಂತರ ಒಂದು ಮಂಗಳವಾರ ಸುಮಿತ್ರಮ್ಮನವರ ಫೋನ್ ಬಂತು. ನಿವೃತ್ತ ಶಾಲಾ ಶಿಕ್ಷಕಿ, ಅರವತ್ತೆಂಟು ವರ್ಷ, ಕೇಂದ್ರದಲ್ಲಿ ಎಲ್ಲರಿಗಿಂತ ಹೆಚ್ಚು ಓದುತ್ತಿದ್ದವರು. ಪವಿತ್ರಾ ಎಂಬ ಹುಡುಗಿಗೆ ಶನಿವಾರ ಬಿ.ಎ. ಕೊನೆಯ ವರ್ಷದ ಇತಿಹಾಸ ಪರೀಕ್ಷೆ. ಅವಳಿಗಾಗಿ ಓದಿದ ಹದಿನಾಲ್ಕು ಪಾಠಗಳಲ್ಲಿ ಕೊನೆಯ ನಾಲ್ಕು ಇಲ್ಲ. ಮತ್ತೆ ಓದೋಣವೆಂದರೆ ಅವರ ಗಂಟಲು ಕಟ್ಟಿ, ಡಾಕ್ಟರು ಹತ್ತು ದಿನ ಮಾತಾಡಬೇಡಿ ಎಂದಿದ್ದರು. ಫೋನಿನಲ್ಲೂ ಉಸಿರಿನಷ್ಟೇ ದನಿ.

“ನಾ ಎಂತದೂ ಒತ್ಲಿಲ್ಲ ಮಾರಾಯ್ರೆ. ಸೇವ್ ಮಾಡಿ, ಒಂದ್ಸಲ ಕೇಳಿ ನೋಡಿಯೇ ಮನೆಗೆ ಹೋಗಿದ್ದು.”

ಅಂಥ ಮಾತನ್ನು ನಾನು ಸಾವಿರ ಸಲ ಕೇಳಿದ್ದೆ. “ನೋಡಿ ಟೀಚರೇ, ಫೈಲು ತಾನಾಗಿ ಕಾಲು ಬಂದು ನಡೆಯುವುದಿಲ್ಲ. ಗೊತ್ತಿಲ್ಲದೆ ನೀವೇ ಅಳಿಸಿದ್ದೀರಿ” ಎಂದೆ. “ಹಾಗೇ ಇರಬೇಕು. ವಯಸ್ಸಾಯ್ತಲ್ಲ, ಇನ್ನು ಓದೋದು ಬಿಡ್ತೀನಿ” ಎಂದು ಫೋನ್ ಇಟ್ಟರು.

ಆ ಮಾತು ಮುಳ್ಳಿನಂತೆ ಚುಚ್ಚುತ್ತಲೇ ಇತ್ತು. ಬುಧವಾರ ಬೆಳಗ್ಗೆ ಗೊಣಗುತ್ತಲೇ ಹೊರಟೆ. ಹೊಸನಗರದಲ್ಲಿ ಬಸ್ ಬದಲಿಸಿ ತೀರ್ಥಹಳ್ಳಿ ಸೇರುವಾಗ ಮಧ್ಯಾಹ್ನ. ಸುಮಿತ್ರಮ್ಮ ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು ಕೂತಿದ್ದರು. ಪಕ್ಕದಲ್ಲಿ ಪವಿತ್ರಾ. ಎರಡೂ ಯಂತ್ರಗಳನ್ನು ಜಾಲಾಡಿದೆ. ನೆಟ್‌ವರ್ಕ್ ಸರಿ, ಮೌಂಟ್ ಸರಿ, ಡಿಸ್ಕ್ ಸರಿ. ಹತ್ತು ಪಾಠಗಳಿವೆ, ನಾಲ್ಕಿಲ್ಲ. ಅಳಿಸಿದ್ದಾರೆ ಎಂದೇ ಮತ್ತೆ ಹೇಳಲು ಬಾಯಿ ತೆರೆದಿದ್ದೆ, ಅಷ್ಟರಲ್ಲಿ ಪವಿತ್ರಾ ಮಾತಾಡಿದಳು.

“ಸರ್, ಹತ್ತನೇ ಪಾಠದ ಕೊನೇಲಿ ಗುಡುಗು ಕೇಳ್ತದೆ. ಟೀಚರ್ ‘ಗುಡುಗು ಬಂತು ಮಗಾ, ಪ್ಲಗ್ ಕೀಳ್ತೀನಿ’ ಅಂತಾರೆ. ಅದಾದ ಮೇಲಿಂದೇ ಇಲ್ಲ.”

ಕೀಬೋರ್ಡ್ ಬಿಟ್ಟು ಸುಮಿತ್ರಮ್ಮನವರ ಕಡೆ ತಿರುಗಿದೆ. ನಮ್ಮ ಕಡೆ ಮೊದಲ ಗುಡುಗು ಕೇಳಿದರೆ ಟಿ.ವಿ., ಮೋಡೆಮ್, ಫ್ರಿಜ್ಜು ಎಲ್ಲದರ ಪ್ಲಗ್ ಕಿತ್ತು ಹಾಕುತ್ತೇವೆ. ನನ್ನ ಅಂಗಡಿಯಲ್ಲೂ ಅಷ್ಟೇ. ‘ಆರಿಸಬೇಡಿ’ ಎಂದು ಯಾರೋ ಹೇಳಿದ್ದು ಸಿಡಿಲಿನ ಮುಂದೆ ಯಾರಿಗೆ ನೆನಪಿರುತ್ತದೆ?

“ಎರಡರದ್ದೂ ಕಿತ್ತಿರಾ?”

“ಕೀಳದೆ ಮತ್ತೆ? ಶನಿವಾರ ಸಂಜೆ ಎರಡರದ್ದೂ ಕಿತ್ತೆ. ಭಾನುವಾರ ಆಫೀಸ್ ಕೋಣೆಗೆ ಬೀಗ. ನಂದೊಂದನ್ನೇ ಹಾಕ್ಕೊಂಡು ಓದಿದೆ.”

ಅಲ್ಲಿಗೆ ಎಲ್ಲ ತಿಳಿಯಿತು. ಭಾನುವಾರ ಆಫೀಸಿನ ಯಂತ್ರ ಸತ್ತುಬಿದ್ದಿತ್ತು. ಒಳಕೋಣೆಯದು ನಾನೇ ಕಲಿಸಿದಂತೆ ಕಾಯದೆ ಮುಂದೆ ಹೋಯಿತು. ಮೌಂಟ್ ಆಗಲಿಲ್ಲ, ಆದರೆ ಖಾಲಿ ಫೋಲ್ಡರ್ ಅದೇ ಹೆಸರಿನಲ್ಲಿ ಅಲ್ಲೇ ಇತ್ತು. ನಾಲ್ಕೂ ಪಾಠಗಳು ಅದರೊಳಗೆ ಕೂತವು. ಸಂಜೆ ಮತ್ತೆ ಗುಡುಗು, ಮತ್ತೆ ಪ್ಲಗ್. ಸೋಮವಾರ ಎರಡೂ ಶುರುವಾದಾಗ ಆಫೀಸಿನ ಫೋಲ್ಡರ್ ಎಂದಿನಂತೆ ಬಂದು ಮೇಲೆ ಕೂತಿತು. ಜಮಖಾನ ಹಾಸಿದ ಮೇಲೆ ಅದರಡಿಯ ಚೀಟಿ ಯಾರಿಗೂ ಕಾಣುವುದಿಲ್ಲ, ಹಾಸಿದವನಿಗೂ.

ಅನ್‌ಮೌಂಟ್ ಮಾಡಿದೆ, ಎಂದರೆ ಮೇಲೆ ಕೂತಿದ್ದ ಫೋಲ್ಡರನ್ನು ಎತ್ತಿದೆ. ಒಂದೇ ಸಾಲಿನ ಆದೇಶ. ಹನ್ನೊಂದರಿಂದ ಹದಿನಾಲ್ಕರವರೆಗೆ ನಾಲ್ಕೂ ಇದ್ದವು. ಹನ್ನೊಂದನೆಯದನ್ನು ತೆರೆದೆ. ಗಂಟಲು ಕೆಡುವ ಮೊದಲಿನ ಸುಮಿತ್ರಮ್ಮನವರ ಗಟ್ಟಿ ದನಿ ಕೋಣೆ ತುಂಬಿತು. ಪವಿತ್ರಾ ಕೈಚಾಚಿ ಅವರ ಮೊಣಕೈ ಹಿಡಿದುಕೊಂಡಳು.

ನಾನು ಫೈಲುಗಳನ್ನು ನಕಲು ಮಾಡಿದೆ. ಮೌಂಟ್ ಆಗದಿದ್ದಾಗ ಆ ಖಾಲಿ ಫೋಲ್ಡರಿನಲ್ಲಿ ಏನೂ ಸೇವ್ ಆಗದಂತೆ ಮಾಡಿದೆ. ಇನ್ನು ಮುಂದೆ ಯಂತ್ರವೇ ‘ಆಗುವುದಿಲ್ಲ’ ಎಂದು ಹೇಳುತ್ತದೆ. ಮೂರು ವಾರದ ಹಿಂದೆ ಐದು ನಿಮಿಷದಲ್ಲಿ ಮುಗಿಯುತ್ತಿದ್ದ ಕೆಲಸ. ಚೀಲ ಎತ್ತಿಕೊಂಡು, “ಎಲ್ಲ ಸರಿಯಾಯ್ತು ಟೀಚರೇ” ಎಂದೆ.

ಸುಮಿತ್ರಮ್ಮ ಕೂತಲ್ಲಿಂದ ಏಳಲಿಲ್ಲ. ಆ ಕಟ್ಟಿದ ಗಂಟಲಿನಲ್ಲೇ, ತರಗತಿಯಲ್ಲಿ ಕೇಳುವಂತೆ ಕೇಳಿದರು. “ಹಾಗಾದ್ರೆ ಅಳಿಸಿದ್ದು ನಾನಲ್ಲ ಅಲ್ದಾ? ಅದನ್ನ ಇವಳೆದುರು ಒಂದ್ಸಲ ಹೇಳಿ. ನಾನೇ ಕಳೆದೆ ಅಂತ ಎರಡು ದಿನ ಇವಳ ಹತ್ರ ಕ್ಷಮೆ ಕೇಳಿದೀನಿ.”

ಚೀಲ ಕೆಳಗಿಟ್ಟೆ. ನಾಚಿಕೆಯಾಗಿತ್ತು. “ಟೀಚರ್ ಏನೂ ಅಳಿಸಿಲ್ಲ ಪವಿತ್ರಾ. ತಪ್ಪು ನಂದು” ಎಂದೆ. ಇಪ್ಪತ್ತೆಂಟು ವರ್ಷಗಳಲ್ಲಿ ಗಿರಾಕಿಯ ಎದುರು ಆ ಮಾತು ಹೇಳಿದ್ದು ಅದೇ ಮೊದಲು.

ಶನಿವಾರ ಪವಿತ್ರಾ ಪರೀಕ್ಷೆ ಬರೆದಳು. ಗಂಟಲು ವಾಸಿಯಾದ ಮೇಲೆ ಸುಮಿತ್ರಮ್ಮ ಮತ್ತೆ ಓದಲು ಕೂತರು. ನನ್ನ ಸುಸ್ತೇನೂ ಕಡಿಮೆಯಾಗಿಲ್ಲ, ಬಸ್ಸೂ ಅದೇ. ಆದರೆ ಈಗ ಯಾರಾದರೂ “ನಾ ಎಂತದೂ ಒತ್ಲಿಲ್ಲ” ಎಂದರೆ ಮಾತಾಡುವುದಿಲ್ಲ. ಮೊದಲು ಯಂತ್ರಗಳ ಪ್ಲಗ್ ಕಿತ್ತು, ಮತ್ತೆ ಹಾಕಿ, ನಾನು ಮಾಡಿದ ಕೆಲಸವನ್ನೇ ಪರೀಕ್ಷಿಸುತ್ತೇನೆ.