ಮುಡುಕುತೊರೆ ಬೆಟ್ಟ ಸುತ್ತಿಸಿದ ಮೇಷ್ಟ್ರು

ಮೇಷ್ಟ್ರ ಬಲಗೈ ಸದಾ ನಡುಗುತ್ತಿತ್ತು. ಕಾಫಿ ಲೋಟ ಎತ್ತಿದರೆ ಅರ್ಧ ಪಂಚೆಯ ಮೇಲೆ. ಒರೆಸಲು ಹೋದವರನ್ನು ಎಡಗೈಯಿಂದ ತಳ್ಳಿಬಿಡುತ್ತಿದ್ದರು.

ನಂಜನಗೂಡಿನ ಶಾಲೆಗಳ ಗೋಡೆಗೆ ನವಿಲು, ಗಿಳಿ ಬರೆಯುವುದು ನನ್ನ ಕೆಲಸ. ಅದನ್ನೇ ಬರೆದು ಬರೆದು ಬೇಸತ್ತಿದ್ದಾಗ ಮೊಬೈಲಿನಲ್ಲಿ ಕ್ಯೂಬಿಸಂ ಚಿತ್ರಗಳನ್ನು ಕಂಡೆ. ಒಂದೇ ವಸ್ತುವನ್ನು ನಾಲ್ಕು ಕಡೆಯಿಂದ ನೋಡಿ, ಕೋನಗಳಾಗಿ ಒಡೆದು, ಒಂದೇ ಹಾಳೆಯಲ್ಲಿ ಕೂಡಿಸುವ ರೀತಿ ಅದು. ಮೈಸೂರಿನ ಪ್ರದರ್ಶನಕ್ಕೆ ಅಂಥದ್ದೊಂದು ಕಳಿಸುವ ಹಟ ಹುಟ್ಟಿತು. ಟಿ. ನರಸೀಪುರದಲ್ಲಿ ಒಬ್ಬ ನಿವೃತ್ತ ಡ್ರಾಯಿಂಗ್ ಮೇಷ್ಟ್ರಿದ್ದಾರೆಂದು ಯಾರೋ ಹೇಳಿದರು. ಭಾನುವಾರ ಬಸ್ಸು ಹತ್ತಿದೆ.

ಆ ಕಡೆಯ ಮುಡುಕುತೊರೆ ಬೆಟ್ಟವನ್ನೂ ಅದರ ಪಕ್ಕದ ಕಾವೇರಿಯನ್ನೂ ಬರೆದು ಮೇಷ್ಟ್ರಿಗೆ ತೋರಿಸಿದೆ.

“ಇಟ್ಟಿಗೆ ಗೂಡು ಕಟ್ಟಿದ್ದೀಯ ಕಣವ್ವ. ಒಳೆ ಎಲ್ಲೋಯ್ತು?” ಎಂದರು. “ಬೆಟ್ಟಕ್ಕೆ ಒಂದೇ ಮಕ ಇರ್ತದಾ? ಓಗು, ಸುತ್ತಾಕ್ಕೊಂಡು ಬಾ.”

ಮೂರು ಭಾನುವಾರ ಸುಡುಬಿಸಿಲಿನಲ್ಲಿ ಸುತ್ತಿದೆ. ಹೊಳೆಯ ಕಡೆಯಿಂದ ಬರೆದೆ, ಮೆಟ್ಟಿಲ ಕಡೆಯಿಂದ ಬರೆದೆ, ಗದ್ದೆಯ ಬದುವಿನಲ್ಲಿ ಕೂತು ಬರೆದೆ. ಎಲ್ಲ ಕೂಡಿಸಿದರೆ ಒಡೆದ ಗಾಜಿನ ರಾಶಿ. ಮೇಷ್ಟ್ರು ತಲೆಯಾಡಿಸಿ ಹಾಳೆಯನ್ನು ಆಚೆಗೆ ಸರಿಸಿದರು.

“ಹಾಗಾದ್ರೆ ನೀವೇ ಬರೆದು ತೋರ್ಸಿ ಸಾರ್!” ಎಂದು ಕಿರುಚಿದೆ.

ಅವರು ಕುಂಚ ತೆಗೆದುಕೊಂಡರು. ಬೆಟ್ಟದ ನೆತ್ತಿಯಿಂದ ಎಳೆದ ಗೆರೆ ಅಡ್ಡಾದಿಡ್ಡಿ ನಡುಗುತ್ತಾ ಹಾಳೆಯಿಂದಾಚೆ ಹೋಯಿತು. ನನಗೆ ನಾಚಿಕೆಯಾಯಿತು. “ಕೈ ಸರಿಯಿಲ್ಲದಿದ್ದರೆ...” ಎಂದು ಸಮಾಧಾನ ಹೇಳಹೊರಟೆ.

“ಕೈಯಿಂದಲ್ಲ ಕಣವ್ವ,” ಎನ್ನುತ್ತಾ ಮಂಚದಡಿಯಿಂದ ಒಂದು ಕಟ್ಟು ಎಳೆದರು. ಎಲ್ಲ ಹಾಳೆಯಲ್ಲೂ ಅದೇ ಬೆಟ್ಟ. ಗೆರೆಗಳೆಲ್ಲ ಖಚಿತ, ಆದರೆ ಒಂದೂ ಚಿತ್ರವಾಗಿರಲಿಲ್ಲ. “ಕೈ ಗಟ್ಟಿಯಿದ್ದಾಗ್ಲೂ ನಂಗಾಗ್ಲಿಲ್ಲ. ಆಗಿದ್ರೆ ನಿನ್ನ ಯಾಕೆ ಬಿಸಿಲಲ್ಲಿ ಅಲೆಸ್ತಿದ್ದೆ?”

ಅವತ್ತು ಸಂಜೆಯವರೆಗೆ ಆ ಹಾಳೆಗಳನ್ನೇ ನೋಡಿದೆ. ಬೆಟ್ಟವನ್ನು ಒಡೆದಿದ್ದರು, ಹೊಳೆಯನ್ನು ಮಾತ್ರ ಮುಟ್ಟಿರಲೇ ಇಲ್ಲ. ಮುಂದಿನ ವಾರ ಹೊಳೆಯನ್ನೂ ಒಡೆದೆ. ನೀರಿನ ಬಣ್ಣ ಬಂಡೆಯೊಳಕ್ಕೆ ನುಗ್ಗುವಂತೆ ಬರೆದೆ. ಮೇಷ್ಟ್ರು ಬಹಳ ಹೊತ್ತು ನೋಡಿ, “ಈ ಎಡಗಡೆ ಮೂಲೆ ನಿಂತದೆ. ಮಿಕ್ಕಿದ್ದು ಮತ್ತೆ ಬರಿ,” ಎಂದರು. ನಾನು ಅವರ ಬಾಯಲ್ಲಿ ಕೇಳಿದ ಹೊಗಳಿಕೆ ಅಷ್ಟೇ.

ಮಿಕ್ಕಿದ್ದು ಮುಗಿಯುವ ಮೊದಲೇ ಅವರು ತೀರಿಕೊಂಡರು. ಇದ್ದಂತೆಯೇ ಮೈಸೂರಿಗೆ ಕಳಿಸಿದ ಚಿತ್ರವನ್ನು ಪ್ರದರ್ಶನದವರು ವಾಪಸ್ ಕಳಿಸಿದರು. ಈಗಲೂ ಬರೆಯುತ್ತಿದ್ದೇನೆ, ಈಗಲೂ ಚಿತ್ರದ ಬಲಭಾಗ ಕೈಗೆ ಸಿಗುತ್ತಿಲ್ಲ. ಸಿಟ್ಟು ನೆತ್ತಿಗೇರುತ್ತದೆ. ಜಗಳವಾಡೋಣವೆಂದರೆ ಮೇಷ್ಟ್ರಿಲ್ಲ.